ದೋಣಿ ಹತ್ತುವ ಮುಂಚೆ ಪೇಪರ್ ನೋಡಿ

ಯಲಹಂಕ, ಹೆಬ್ಬಾಳದ ನಮಗೆ ಕೆರೆ ಗೊತ್ತು, ಹೊಳೆ ಅಷ್ಟಕ್ಕಷ್ಟೆ. ಇರುವ ಒಬ್ಬಳು ಅರ್ಕಾವತಿ ನಂದಿಬೆಟ್ಟದಿಂದ ಇಳಿದು ಹೆಸರಘಟ್ಟ ಮುಟ್ಟುವಷ್ಟರಲ್ಲೇ ಸುಸ್ತು. ಹಾಗಾಗಿ ದೋಣಿ ಅಂದಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಏಳುವ ಹೆಸರು ರಂಗನತಿಟ್ಟು.

ತಮಾಷೆ ಏನಂದ್ರೆ, ಈ ಉತ್ಸಾಹ ಉಕ್ಕುವುದು ಕೆಆರ್‌ಎಸ್ 124.80 ಅಡಿ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದ ಫೋಟೊ ಬಂದಾಗ. ಅಣೆಕಟ್ಟಿನ ಹೊರಹರಿವು ಜೋರಾದರೆ ಕೆಳಗಿರುವ ರಂಗನತಿಟ್ಟಿನ ನಡುಗಡ್ಡೆಗಳಿಗೇ ನೀರು ನುಗ್ಗುತ್ತದೆ, ದೋಣಿ ವಿಹಾರ ಬಂದ್! ಪೇಪರಿನ ಜಲಾಶಯ ಮಟ್ಟದ ಕಾಲಂನಲ್ಲಿ ಹೊರಹರಿವಿನ ಕ್ಯೂಸೆಕ್ ನೋಡಿಕೊಂಡೇ ದಿನ ಗೊತ್ತುಮಾಡಿ.

ನನ್ನ ಪ್ರಕಾರ ಫೆಬ್ರವರಿ ಸರಿ. ನೀರು ಶಾಂತ, ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಬಂಡೆ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆಯ ಹಲ್ಲು ಕಾಣುವಷ್ಟು ಹತ್ತಿರಕ್ಕೆ ಹುಟ್ಟು ಹಾಕುತ್ತಾ ಒಯ್ಯುತ್ತಾರೆ. (ಬಾಯಿ ತೆರೆಯುವುದು ಮೈ ತಂಪಿಗೆ, ನಿಮ್ಮ ಸೆಲ್ಫಿಗಲ್ಲ.)

ಗೊರಗುಂಟೆಪಾಳ್ಯದ ಸಿಗ್ನಲ್ಲನ್ನು ನಸುಕಿಗೇ ದಾಟಿಬಿಡಿ. ಇನ್ನು ಎಕ್ಸ್‌ಪ್ರೆಸ್‌ವೇ ಬಿಟ್ಟು ವಡೆಗಾಗಿ ಮದ್ದೂರಿಗೆ ಇಳಿಯಬೇಕೋ ಬೇಡವೋ? ಆ ಜಗಳ ನಮ್ಮ ಗ್ರೂಪಿನಲ್ಲಿ ಇನ್ನೂ ನಡೆದೇ ಇದೆ.