ಮೋತಿ ನುಂಗಿದ ಗೊರಟು

ಡೊಂಬಿವಲಿಯ ನಮಗೆ ಮಾವಿನಹಣ್ಣು ಮರದಿಂದ ಬೀಳುವುದಿಲ್ಲ, ರತ್ನಾಗಿರಿ, ದೇವಗಡದ ಪೆಟ್ಟಿಗೆಗಳಲ್ಲಿ ಬರುತ್ತದೆ. ತಿಂದು ಗೊರಟು ಎಸೆಯಲು ಹಿತ್ತಲೂ ಇಲ್ಲ. ಎಲ್ಲ ಬಿಲ್ಡಿಂಗಿನ ಕೆಳಗಿನ ಕಸದ ಡಬ್ಬಿಗೆ. ಆ ಡಬ್ಬಿಯ ಮೇಲೆ ಮೋತಿಯ ಯಜಮಾನಿಕೆ. ಮೋತಿ ಯಾರದ್ದೂ ಅಲ್ಲದ, ಹಾಗಾಗಿ ಎಲ್ಲರದ್ದೂ ಆದ ಬೀದಿನಾಯಿ.

ಒಂದು ಮೇ ತಿಂಗಳಲ್ಲಿ ಅದು ಎರಡು ದಿನ ಅನ್ನ ಮುಟ್ಟಲಿಲ್ಲ. ನೀರು ಕುಡಿದರೂ ವಾಂತಿ. "ಕೋಯ್ ಗಿಳಲೀ ತ್ಯಾನೇ" ಎಂದರು ಕೆಳಗಿನ ಮನೆಯ ಕಾಕೂ. ಕೋಯ್ ಅಂದರೆ ಮರಾಠಿಯಲ್ಲಿ ಮಾವಿನ ಗೊರಟು. ಕುಂದಾಪುರದಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟಳು. "ನಮ್ಮನೆ ನಾಯಿ ಎಷ್ಟು ಗೊರಟು ಚೀಪಲಿಲ್ಲ ಮಗಾ! ಎಂತದೂ ಆಗ್ಲಿಲ್ಲ."

ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಊರಿನ ನಾಯಿ ಅಂಗಳದಲ್ಲಿ ಮಲಗಿ, ಎರಡು ಕಾಲಿನ ನಡುವೆ ಗೊರಟು ಇಟ್ಟುಕೊಂಡು, ಮಧ್ಯಾಹ್ನವಿಡೀ ಚೀಪಿ ಬಿಟ್ಟುಹೋಗುತ್ತಿತ್ತು. ಇಲ್ಲಿ ಒಂದು ಡಬ್ಬಿಗೆ ನಾಲ್ಕು ನಾಯಿ. ಚೀಪಲು ಪುರುಸೊತ್ತೆಲ್ಲಿ? ಸಿಕ್ಕಿದ್ದನ್ನು ನುಂಗುವುದೇ.

ಎಕ್ಸ್‌ರೇಯಲ್ಲಿ ಗೊರಟು ನೆಟ್ಟಗೆ ಕಾಣಲಿಲ್ಲ. ಉಬ್ಬಿದ ಕರುಳು ಕಂಡಿತು. ನಾನು ವಿಷದ ಬಗ್ಗೆ ಕೇಳಿದೆ. ಸೇಬಿನ ಬೀಜ, ಪೀಚ್, ಪ್ಲಮ್‌ಗಳ ತಿರುಳಿನಲ್ಲಿ ಜಗಿದಾಗ ಸಯನೈಡ್ ಬಿಡುವ ಅಂಶ ಇದೆಯಂತೆ. ಸೇಬಿನ ನಾಲ್ಕು ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಹಾಗೇ ಹೊರಗೆ ಬರುತ್ತದಂತೆ. "ಇದರ ಸಂಕಟ ವಿಷದ್ದಲ್ಲ, ದಾರಿ ಬಂದ್ ಆದದ್ದು" ಎಂದರು ಡಾಕ್ಟರು. ಕರುಳು ಕಟ್ಟಿಕೊಂಡರೆ ಅಲ್ಲಿಗೆ ರಕ್ತ ಹೋಗುವುದು ನಿಂತು, ಕರುಳೇ ಕೊಳೆಯುತ್ತದೆ. ಕಾಯುವ ಹಾಗಿರಲಿಲ್ಲ.

ಬೀದಿನಾಯಿಗೆ ಆಪರೇಷನ್ನಾ ಎಂದು ಮೂಗು ಮುರಿದವರಿದ್ದರು. ಕಾಕೂ ಮಾತಾಡಲಿಲ್ಲ, ಸ್ಟೀಲಿನ ಡಬ್ಬ ಹಿಡಿದು ಮನೆಮನೆ ಹತ್ತಿ ಇಳಿದರು. ಮೋತಿ ಬೊಗಳಿದರೆ ಕಲ್ಲು ಬೀಸುತ್ತಿದ್ದ ಮೂರನೇ ಮಹಡಿಯವರೂ ನೂರು ರೂಪಾಯಿ ಹಾಕಿದರು. (ಮರುದಿನ ರಸೀದಿ ಕೇಳಿದರು, ಅದು ಬೇರೆ ಮಾತು.) ಹತ್ತು ದಿನ ಹೊಲಿಗೆ ಹಾಕಿದ ಹೊಟ್ಟೆಯ ಮೋತಿ ಜಿನೆಯ ಕೆಳಗೆ ರಾಜನ ಹಾಗೆ ಮಲಗಿತ್ತು.

ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು ಇನ್ನೊಂದು ಮಾತು ಹೇಳಿದರು: ಬೀಜಕ್ಕಿಂತ ದ್ರಾಕ್ಷಿಗೆ ಹೆದರಿ. ಹಸಿಯಾಗಲಿ ಒಣಗಿದ್ದಾಗಲಿ, ಬೀಜ ಇರಲಿ ಬಿಡಲಿ, ಕೆಲವು ನಾಯಿಗಳ ಕಿಡ್ನಿಯನ್ನೇ ಕೆಡಿಸುತ್ತದೆ. ಅದರೊಳಗಿನ ಟಾರ್ಟಾರಿಕ್ ಆಮ್ಲದ ಮೇಲೆ ವೈದ್ಯರಿಗೆ ಗುಮಾನಿ ಬಂದದ್ದು 2021ರಲ್ಲಿ. ನಮ್ಮಲ್ಲಿ ಸತ್ಯನಾರಾಯಣ ಪೂಜೆ ಮುಗಿದರೆ ಉಳಿದ ಶಿರಾ ಸೀದಾ ಮೋತಿಗೆ. ಈಗ ಕಾಕೂ ಬಾಣಲೆಗೆ ದ್ರಾಕ್ಷಿ ಬೀಳುವ ಮೊದಲೇ ಒಂದು ಮುದ್ದೆ ಬೇರೆ ತೆಗೆದಿಡುತ್ತಾರೆ, ನೈವೇದ್ಯ ಆದ ಮೇಲೆ ಕೊಡಲು.