ಎಕ್ಕದ ಗಿಡ
ತುಮಕೂರಿನ ಸಮೀಪದ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿಯ ಸೀಮೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಬೆಟ್ಟದ ಕುರುಚಲು ಕಾಡು, ಹೊಳೆಯಂಚಿನ ತೋಟ, ಹೊಲದ ಬದು ಇವೆಲ್ಲವೂ ಚಿಟ್ಟೆಗಳ ನೆಲೆಗಳು.

ಬಾಲ್ಯದಲ್ಲೊಮ್ಮೆ ಗುಬ್ಬಿಯ ಬಳಿಯ ನಮ್ಮ ತೋಟದ ಬೇಲಿಯಲ್ಲಿದ್ದ ಎಕ್ಕದ ಗಿಡಗಳನ್ನು ಕಳೆಯೆಂದು ಬಗೆದು ಕಡಿದುಹಾಕಿದೆ. ಮರುದಿನ ಬಾಡಿದ ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳುಗಳು ಹಸಿದು ತೆವಳುತ್ತಿದ್ದವು.

“ಅವು ಚಿಟ್ಟೆಯ ಮಕ್ಕಳಪ್ಪಾ, ಎಕ್ಕವಿಲ್ಲದೆ ಏನು ತಿಂದಾವು?” ಎಂದು ಅಜ್ಜಿ ನೊಂದು ನುಡಿದರು. ನಾನು ಅವುಗಳನ್ನು ಆರಿಸಿ, ಕೆರೆಯ ಏರಿಯ ಎಕ್ಕದ ಮೇಲೆ ಬಿಟ್ಟುಬಂದೆ.

ಕಪ್ಪಂಚಿನ ಆ ಕಿತ್ತಳೆ ಚಿಟ್ಟೆಯ ಮರಿಗೆ ಎಕ್ಕದ ವಿಷದ ಹಾಲೇ ರಕ್ಷೆ. ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ನಿಂಬೆ, ಕರಿಬೇವುಗಳನ್ನು ನಂಬಿದ ಚಿಟ್ಟೆ ಬೇರೆ. ಹೂವು ಎಷ್ಟಿದ್ದರೇನು, ಮರಿಗೆ ತಕ್ಕ ಎಲೆಯಿಲ್ಲದ ಮೇಲೆ? ಇಂದು ನಮ್ಮ ಬೇಲಿಯಲ್ಲಿ ಎಕ್ಕ ನಿಶ್ಚಿಂತೆಯಿಂದ ನಿಂತಿದೆ.