ತೊಟ್ಟಿಯ ನೀರು ಬೆಳ್ಳಗಾದಾಗ

ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವ ಸಹೋದರಿಯರಿಗೆ ಈ ಅನುಭವ ಇದ್ದೇ ಇರುತ್ತದೆ. ನಿನ್ನೆ ಕನ್ನಡಿಯಂತಿದ್ದ ನೀರು ಇಂದು ಬೆಳಿಗ್ಗೆ ಅಕ್ಕಿ ತೊಳೆದ ನೀರಿನಂತಾಗಿರುತ್ತದೆ. ಕೂಡಲೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯನ್ನು ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ಉಜ್ಜಿ ತೊಳೆದು, ನಲ್ಲಿ ನೀರು ತುಂಬುವವರೇ ಹೆಚ್ಚು. ಮೂರೇ ದಿನ, ನೀರು ಮತ್ತೆ ಬೆಳ್ಳಗೆ! ಇಷ್ಟು ಶುಚಿ ಮಾಡಿದರೂ ಹೀಗೇಕೆ?

ಮಲ್ಲೇಶ್ವರಂನ ಸಂಪಿಗೆ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ತಂಗಿಯ ಮನೆಯಿದೆ. ಅವಳ ಒಂಬತ್ತು ವರ್ಷದ ಮಗನಿಗೆ ಈದ್‌ಗೆಂದು ತಂದೆ 40 ಲೀಟರಿನ ತೊಟ್ಟಿ ಮತ್ತು ಐದು ಗೋಲ್ಡ್‌ಫಿಷ್ ತಂದುಕೊಟ್ಟಿದ್ದರು. ಒಂದು ತಿಂಗಳಲ್ಲಿ ತೊಟ್ಟಿಯನ್ನು ನಾಲ್ಕು ಬಾರಿ ತೊಳೆದದ್ದಾಯಿತು, ಎರಡು ಮೀನು ಸತ್ತವು. ಉಳಿದ ಮೂರು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. "ಖಾಲಾ, ಇವೂ ಸಾಯುತ್ತವಾ?" ಎಂದು ಹುಡುಗ ಕೇಳಿದ. "ಯಾರಿಗಾದರೂ ಕೊಟ್ಟುಬಿಡೋಣ ಆಪಾ, ನನ್ನಿಂದ ನೋಡಲಾಗುವುದಿಲ್ಲ" ಎಂದಳು ತಂಗಿ. ಮೊದಲು ಕಾರಣ ಹುಡುಕೋಣ ಎಂದೆ.

ಗಾಜಿನ ಲೋಟದಲ್ಲಿ ಆ ನೀರನ್ನು ತುಂಬಿ ರಾತ್ರಿಯಿಡೀ ಅಲುಗಿಸದೆ ಇಟ್ಟೆವು. ಬೆಳಗಾಗುವಾಗ ತಳದಲ್ಲಿ ಮಣ್ಣು ನಿಂತಿದ್ದರೆ ಅದು ಕಲ್ಲಿನ ಧೂಳು. ನೀರು ಹಸಿರಾಗಿದ್ದರೆ ಅದು ಪಾಚಿ, ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದೆ ಎಂದರ್ಥ. ಇಲ್ಲಿ ಎರಡೂ ಅಲ್ಲ. ನೀರು ತಿಳಿಯಾಗದೆ ಮಜ್ಜಿಗೆಯ ತಿಳಿಯಂತೆಯೇ ಉಳಿದಿತ್ತು. ಇದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿದಾಗ ಬರುವ ಬಿಳುಪು.

ಅವುಗಳಿಗೆ ಇಷ್ಟೊಂದು ಆಹಾರ ಸಿಕ್ಕಿದ್ದೆಲ್ಲಿ? ಮೀನಿಗೆ ಊಟ ಹಾಕುವವರು ಯಾರೆಂದು ಮನೆಯವರನ್ನೆಲ್ಲ ಕೇಳಿದೆ. ಫಜ್ರ್ ನಮಾಝಿನ ಬಳಿಕ ದಾದಿ, ಶಾಲೆಗೆ ಹೊರಡುವ ಮುನ್ನ ಹುಡುಗ, ರಾತ್ರಿ ಅವನ ತಂದೆ! "ಪಾಪ, ಬಾಯಿ ತೆರೆದು ಕೇಳುತ್ತವಲ್ಲ, ಹಾಕದಿರುವುದು ಹೇಗೆ?" ಎಂದರು ದಾದಿ. ಆದರೆ ಅವು ಬಾಯಿ ತೆರೆಯುತ್ತಿದ್ದುದು ಹಸಿವಿನಿಂದಲ್ಲ, ಉಸಿರಿಗಾಗಿ. ಗೋಲ್ಡ್‌ಫಿಷ್‌ಗೆ ಜಠರವಿಲ್ಲ. ಹಾಕಿದಷ್ಟೂ ತಿನ್ನಲು ನೋಡುತ್ತದೆ, ಮಿಕ್ಕಿದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆತದ್ದನ್ನು ತಿಂದು ಹೆಚ್ಚುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ.

ಎರಡನೆಯ ಕಾರಣ ಆ ತೊಳೆಯುವಿಕೆಯೇ. ಮೀನಿನ ಕಲ್ಮಶದಿಂದ ಅಮೋನಿಯ ಎಂಬ ವಿಷ ಉಂಟಾಗುತ್ತದೆ. ಕಲ್ಲು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ಚೆನ್ನಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ನಲ್ಲಿಗೆ ಕಾವೇರಿ ನೀರು ಬರುವುದು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆತು. ನಮ್ಮನ್ನು ರೋಗಾಣುಗಳಿಂದ ಕಾಪಾಡುವ ಆ ಕ್ಲೋರಿನ್, ತೊಟ್ಟಿಯ ಉಪಕಾರಿಗಳನ್ನೂ ಬಿಡುವುದಿಲ್ಲ. ಉಜ್ಜಿ ತೊಳೆದಾಗಲೆಲ್ಲ ತೊಟ್ಟಿ ಮೊದಲ ದಿನಕ್ಕೇ ಮರಳುತ್ತಿತ್ತು.

ಅಂಗಡಿಯಿಂದ ಔಷಧಿ ತರಲಿಲ್ಲ. ಎರಡು ದಿನ ಊಟ ನಿಲ್ಲಿಸಿದೆವು. ಗಾಳಿಯ ಪಂಪನ್ನು ಹಗಲು ರಾತ್ರಿ ಓಡಿಸಿದೆವು. ಸಣ್ಣ ಪೈಪಿನಿಂದ ತಳದ ಕೊಳೆಯನ್ನು ಎಳೆದು, ದಿನ ಬಿಟ್ಟು ದಿನ ಕಾಲುಭಾಗ ನೀರನ್ನು ಮಾತ್ರ ಬದಲಿಸಿದೆವು. ಹೊಸ ನೀರನ್ನು ತೆರೆದ ಬಕೆಟ್ಟಿನಲ್ಲಿ 24 ಗಂಟೆ ಇಟ್ಟು, ಕ್ಲೋರಿನ್ ಹೋದ ಬಳಿಕವೇ ಹಾಕಿದೆವು. (ಅವಸರವಿದ್ದರೆ ಆ್ಯಂಟಿ-ಕ್ಲೋರಿನ್ ಹನಿಗಳು ಸಿಗುತ್ತವೆ.) ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲನೆ ಹಿಂಡಿದೆವು. ಆಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಚಿಟಿಕೆ ಊಟ. ಹಾಕುವ ಜವಾಬ್ದಾರಿ ಹುಡುಗನೊಬ್ಬನದೇ. ದಾದಿಗೆ ಸ್ವಲ್ಪ ಬೇಸರವಾಯಿತು, ಆದರೂ ಒಪ್ಪಿದರು.

ಹತ್ತನೆಯ ದಿನ ತೊಟ್ಟಿಯ ಹಿಂದೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ತಾರೀಖನ್ನು ನೀರಿನ ಮೂಲಕವೇ ಓದಿ ಹೇಳಿದ ಹುಡುಗ. ಮೂರೂ ಮೀನುಗಳು ಕೆಳಗಿಳಿದು ಕಲ್ಲುಗಳ ನಡುವೆ ಓಡಾಡುತ್ತಿದ್ದವು. ಇಷ್ಟು ಚಿಕ್ಕ ತೊಟ್ಟಿಗೆ ಮೂರೇ ಹೆಚ್ಚು, ಇನ್ನು ಹೊಸ ಮೀನು ಬೇಡ ಎಂದೂ ಹೇಳಿ ಬಂದೆ.

ಇದು ಬರೀ ಗಾಜಿನ ತೊಟ್ಟಿಯ ಮಾತಲ್ಲ. 2016ರ ಮಾರ್ಚ್‌ನಲ್ಲಿ ಇದೇ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಅಲ್ಲಿ ಕೊಳಚೆ, ಇಲ್ಲಿ ಮಿಕ್ಕಿದ ಊಟ. ಮೀನಿಗೆ ಎರಡೂ ಒಂದೇ.

ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಮಹಿಳೆಯ ಹದೀಸನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೂಡಿಹಾಕಿದ ಜೀವ ತನ್ನ ಅನ್ನ ನೀರನ್ನು ತಾನೇ ಹುಡುಕಿಕೊಳ್ಳಲಾರದು. ಮೀನಿಗಾದರೋ ಉಸಿರಾಡುವ ನೀರು ಕೂಡ ನಮ್ಮ ಕೈಯಲ್ಲೇ ಇದೆ. ಆದ್ದರಿಂದ ಸಹೋದರಿಯರೇ, ಮುಂದಿನ ಬಾರಿ ತೊಟ್ಟಿ ಬೆಳ್ಳಗಾದಾಗ ಬಕೆಟ್ಟು ಎತ್ತುವ ಮುನ್ನ ಒಂದು ಲೋಟ ನೀರನ್ನು ತೆಗೆದಿಡಿ. ಮತ್ತು ದಿನಕ್ಕೆ ಎಷ್ಟು ಜನ ಊಟ ಹಾಕುತ್ತಿದ್ದಾರೆಂದು ಮನೆಯವರನ್ನೆಲ್ಲ ಒಮ್ಮೆ ವಿಚಾರಿಸಿ.